ಮೊದಲು ಒರೆಸಿ, ಆಮೇಲೆ ಬಿಚ್ಚಿ

ಸಂಜೆ ಐದೂವರೆ ಮೇಲೆ, ಗಾಡಿಗಳೆಲ್ಲ ಹೋದಮೇಲೆ, ನಮ್ಮ ಕಾಲೇಜಿನ ಪಾರ್ಕಿಂಗ್ ಜಾಗಕ್ಕೆ ಒಂದ್ಸಲ ಹೋಗಿ ನೋಡಿ. ಸಿಮೆಂಟ್ ನೆಲದ ಮೇಲೆ ಅಂಗೈಯಗಲದ ಕಪ್ಪು ಕಲೆಗಳು ಸಾಲಾಗಿ ಕಾಣ್ತವೆ. ಆ ಗಾಡಿಗಳ ಮಾಲೀಕರನ್ನ ಕೇಳಿದ್ರೆ ಬರೋ ಉತ್ತರ ಹೆಚ್ಚುಕಮ್ಮಿ ಒಂದೇ: "ಹಳೇ ಗಾಡಿ ಅಲ್ವಾ, ಸ್ವಲ್ಪ ಆಯಿಲ್ ಸೋರುತ್ತೆ. ತಿಂಗಳಿಗೊಂದ್ಸಲ ಟಾಪ್ ಅಪ್ ಮಾಡಿದ್ರೆ ಆಯ್ತು." ಇನ್ನು ಕೆಲವರು ಇದಕ್ಕೆ ಪೂರ್ತಿ ಉಲ್ಟಾ. ಒಂದು ಹನಿ ಬಿದ್ದಿದ್ದು ಕಂಡ್ರೆ ಸಾಕು, "ಎಂಜಿನ್ ಹೋಯ್ತು, ಇಳಿಸಬೇಕು" ಅಂತ ತೀರ್ಪು ಕೊಟ್ಟುಬಿಡ್ತಾರೆ.

ಈ ಎರಡೂ ಮಾತಿನ ಮೇಲೆ ನಮಗೆ ತಕರಾರಿದೆ. ಎರಡರಲ್ಲೂ ಬಗ್ಗಿ ನೋಡುವ ಕೆಲಸ ತಪ್ಪುತ್ತೆ. ಆಯಿಲ್ ಎಲ್ಲಿಂದ ಬರ್ತಿದೆ ಅಂತ ಕಂಡುಹಿಡಿದು, ಅಲ್ಲಿ ಸವೆದ ಸೀಲನ್ನು ಬದಲಾಯಿಸೋದು ಎಂಜಿನಿಯರಿಂಗ್ ಓದುವವರಿಗೆ ಬರಲೇಬೇಕಾದ ಕೆಲಸ ಅನ್ನೋದು ನಮ್ಮ ವಾದ. ಇದನ್ನ ಮೇಲೆ ಕೂತು ಹೇಳ್ತಿಲ್ಲ. ನಾವೇ ಮಾಡಿದ ಒಂದು ತಪ್ಪಿನಿಂದ ಹೇಳ್ತಿದ್ದೀವಿ.

ನಮ್ಮ ರೂಮ್‌ಮೇಟ್‌ನ ಊರು ಅರಸೀಕೆರೆ ಕಡೆ. ಅವರ ಮನೇಲಿ ಮೂರು ಸಿಲಿಂಡರಿನ ಒಂದು ಹಳೇ ಕಾರ್ಬ್ಯುರೇಟರ್ ಕಾರಿದೆ. ಅವನ ಅಜ್ಜಿಯನ್ನ ತಿಂಗಳಿಗೆರಡು ಸಲ ಹಾಸನದ ಆಸ್ಪತ್ರೆಗೆ ಕರ್ಕೊಂಡು ಹೋಗೋದು ಆ ಕಾರಲ್ಲೇ. ಕಳೆದ ವರ್ಷವಷ್ಟೇ ಅವನ ತಂದೆ ದುಡ್ಡು ಕಟ್ಟಿ ಐದು ವರ್ಷಕ್ಕೆ ರಿಜಿಸ್ಟ್ರೇಷನ್ ರಿನ್ಯೂ ಮಾಡಿಸಿದ್ದರು. ಆಮೇಲೆ ಆಯಿಲ್ ಸೋರೋದು ಶುರುವಾಯ್ತು. ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದಿಂದ ತೊಟ್ಟಿಕ್ಕುತ್ತಿತ್ತು. ಊರಿನ ಒಂದು ಗ್ಯಾರೇಜಿನಲ್ಲಿ, ಕ್ರ್ಯಾಂಕ್‌ನ ಹಿಂದಗಡೆ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, ಹಾಗೇ ರಿಂಗೂ ಕ್ಲಚ್ಚೂ ಹಾಕಿಬಿಡೋಣ, 22 ಸಾವಿರ ಆಗುತ್ತೆ ಅಂದರಂತೆ. ಅಂಕಲ್ ನಲವತ್ತು ಸೆಕೆಂಡಿನ ಒಂದು ವಿಡಿಯೋ ಮಾಡಿ ಮಗನಿಗೆ ಕಳಿಸಿದ್ರು.

ನಾವು ನಾಲ್ಕು ಜನ ಹಾಸ್ಟೆಲ್ ಮಂಚದ ಮೇಲೆ ಕೂತು ಆ ವಿಡಿಯೋ ನೋಡಿದ್ವಿ. ಪುಸ್ತಕದಲ್ಲಿರೋ ಚಿತ್ರ ತೆಗೆದ್ವಿ. ಆ ಜಾಗದಲ್ಲಿ ಯಾವ ಸೀಲ್ ಇದೆ? ರಿಯರ್ ಮೇನ್ ಸೀಲ್. ಸರಿ, ಫೋನ್ ಮಾಡಿ, "ಹೌದು ಅಂಕಲ್, ಅವರು ಹೇಳಿದ್ದು ಕರೆಕ್ಟು" ಅಂದ್ವಿ. ಅವರು ಒಂದು ಕ್ಷಣ ಸುಮ್ನಿದ್ದು, "ನೀವು ಓದಿರೋರು, ನೀವೇ ಹೇಳಿದ್ಮೇಲೆ ಇನ್ನೇನಪ್ಪ" ಅಂದ್ರು. ಫೋನ್ ಇಟ್ಟ ಮೇಲೆ ಅವರು ಗುಜರಿಯವರ ಹತ್ರ ಕಾರಿಗೆ ಎಷ್ಟು ಕೊಡ್ತೀರಿ ಅಂತ ವಿಚಾರಿಸಿದ್ರು ಅನ್ನೋದು ನಮಗೆ ಗೊತ್ತಾಗಿದ್ದು ಒಂದು ವಾರ ಆದಮೇಲೆ.

ದಸರಾ ರಜೆಗೆ ನಾವೂ ಅವನ ಜೊತೆ ಊರಿಗೆ ಹೋದ್ವಿ. ಪುಣ್ಯಕ್ಕೆ ಕಾರು ಇನ್ನೂ ಅಂಗಳದಲ್ಲೇ ಇತ್ತು. ಯಾರೋ ಹೇಳಿದ್ರು ಅಂತ ಒಬ್ಬ ವಯಸ್ಸಾದ ಮೇಸ್ತ್ರಿ ಹತ್ರ ತಗೊಂಡು ಹೋದ್ವಿ.

"ಏನ್ರಪ್ಪಾ, ಎಲ್ಲಿಂದ ಸೋರ್ತಾ ಐತೆ?"

"ಹಿಂದಗಡೆ ಸೀಲಿಂದ, ಮೇಸ್ತ್ರಿ."

"ನೋಡಿದ್ರಾ?"

"ವಿಡಿಯೋ ನೋಡಿದ್ವಿ."

"ಒರೆಸಿ ನೋಡಿದ್ರಾ?"

ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಅವರು ಸೀಮೆಎಣ್ಣೆ, ಬ್ರಷ್ಷು, ಒಂದು ಗಂಟು ಕಾಟನ್ ವೇಸ್ಟ್ ನಮ್ಮ ಕೈಗೆ ಕೊಟ್ಟು, ತಣ್ಣಗಾದ ಎಂಜಿನ್ನನ್ನ ಮೇಲಿಂದ ಕೆಳಗಿನವರೆಗೆ ತೊಳೆಸಿದ್ರು. ಎರಡು ಗಂಟೆ ಹಿಡೀತು. ಚೆನ್ನಾಗಿ ಒಣಗಿದ ಮೇಲೆ ಅನುಮಾನ ಇದ್ದ ಜೋಡಣೆಗಳ ಮೇಲೆಲ್ಲ ಮುಖಕ್ಕೆ ಹಚ್ಚೋ ಪೌಡರ್ ಉದುರಿಸಿದ್ರು. ಹತ್ತು ಕಿಲೋಮೀಟರ್ ಓಡಿಸ್ಕೊಂಡು ಬಂದು ಟಾರ್ಚ್ ಹಿಡಿದು ನೋಡಿದ್ರೆ, ಬಿಳಿ ಪೌಡರಿನ ಮೇಲೆ ಒಂದು ಗೆರೆ ಚೆನ್ನಾಗಿ ಕಾಣ್ತಿತ್ತು. ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಲ್ಲಿ ಶುರುವಾಗಿ, ಹೆಡ್ಡಿನ ಪಕ್ಕದಲ್ಲಿ ಇಳಿದು, ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಹನಿಯಾಗಿ ಬೀಳ್ತಿತ್ತು. ನಾವು ದೋಷ ಹೊರಿಸಿದ್ದ ರಿಯರ್ ಸೀಲಿಗೆ ಇದರಲ್ಲಿ ಯಾವ ಪಾತ್ರವೂ ಇರಲಿಲ್ಲ.

ಇದರಲ್ಲಿ ದೊಡ್ಡ ರಹಸ್ಯವೇನಿಲ್ಲ. ಆಯಿಲ್ ತನ್ನ ಭಾರಕ್ಕೆ ಕೆಳಕ್ಕೆ ಇಳಿಯುತ್ತೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಸರಿಯುತ್ತೆ. ಹಾಗಾಗಿ ಹನಿ ಬೀಳೋ ಜಾಗ ಬೇರೆ, ಸೋರೋ ಜಾಗ ಬೇರೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರೋದನ್ನ ಮೊದಲು ಅನುಮಾನಿಸಬೇಕು. ಫ್ಲೂಯಿಡ್ ಮೆಕ್ಯಾನಿಕ್ಸ್ ಪಾಸಾದ ನಾಲ್ಕು ಜನಕ್ಕೆ ಇದು ಹೊಳೀಲಿಲ್ಲ.

ಟ್ಯಾಪೆಟ್ ಕವರ್ ತೆಗೆದಾಗ ಅದರ ರಬ್ಬರ್ ಪ್ಯಾಕಿಂಗು ಹಪ್ಪಳದ ಥರ ಮುರೀತು. ವರ್ಷಗಟ್ಟಲೆ ಬಿಸಿ ಆಯಿಲ್‌ನಲ್ಲಿದ್ದು ರಬ್ಬರ್ ಗಟ್ಟಿಯಾಗಿತ್ತು. ಹಿಂದೆ ಯಾರೋ ಸೋರೋದು ನಿಲ್ಲಲಿ ಅಂತ ಬೋಲ್ಟುಗಳನ್ನ ಸಿಕ್ಕಾಪಟ್ಟೆ ಬಿಗಿ ಮಾಡಿದ್ದರಿಂದ ಅದು ಅಲ್ಲಲ್ಲಿ ಹಿಂಡಿ ಚಪ್ಪಟೆಯೂ ಆಗಿತ್ತು. ಬಿಗಿ ಮಾಡಿದಷ್ಟೂ ಸೋರಿಕೆ ಕಮ್ಮಿಯಾಗುತ್ತೆ ಅನ್ನೋದು ತಪ್ಪು ಲೆಕ್ಕ. ಇಂಥ ಕವರಿನ ಬೋಲ್ಟುಗಳಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸಿನ ಟಾರ್ಕ್ ಸಾಕು. ಅದರ ಮೇಲೆ ಹೋದ್ರೆ ಪ್ಯಾಕಿಂಗ್ ಹಿಂಡಿಹೋಗುತ್ತೆ, ತಗಡಿನ ಕವರ್ ಆದ್ರೆ ಸೊಟ್ಟಗಾಗುತ್ತೆ.

ಹೊಸ ಪ್ಯಾಕಿಂಗ್ ಹಾಕಿದ್ವಿ. ಹಿಂದಿನ ಸೋರಿಕೆ ನಿಂತಿತು. ಆದ್ರೆ ತೊಳೆದ ಎಂಜಿನ್ನಿನ ಮೇಲೆ ಇನ್ನೊಂದು ವಿಷಯ ಕಾಣಿಸಿತು: ಮುಂಭಾಗದ ಟೈಮಿಂಗ್ ಬೆಲ್ಟ್ ಕವರಿನ ಕೆಳಗೂ ತೇವ ಇತ್ತು. ಅದು ಕ್ರ್ಯಾಂಕ್‌ನ ಮುಂದಿನ ಸೀಲು. ಇದನ್ನ ಹಾಗೇ ಬಿಡೋ ಹಾಗಿರಲಿಲ್ಲ. ಆಯಿಲ್ ಕುಡಿದ ಟೈಮಿಂಗ್ ಬೆಲ್ಟ್ ಬೇಗ ಹಾಳಾಗುತ್ತೆ. ಅಜ್ಜಿ ಕೂತಿರುವಾಗ ಹಾಸನದ ರಸ್ತೆಯಲ್ಲಿ ಬೆಲ್ಟ್ ಕಿತ್ತುಹೋದ್ರೆ ಗಾಡಿ ಅಲ್ಲೇ ನಿಲ್ಲುತ್ತೆ.

ಈ ಸೀಲು ಕೆಲಸ ಮಾಡೋ ರೀತಿ ನಿಜಕ್ಕೂ ಆಶ್ಚರ್ಯದ್ದು. ಒಂದು ಲೋಹದ ಬಳೆ, ಅದಕ್ಕೆ ಅಂಟಿದ ರಬ್ಬರಿನ ತೆಳ್ಳನೆ ತುಟಿ, ಆ ತುಟಿಯನ್ನ ಶಾಫ್ಟಿಗೆ ಒತ್ತಿಹಿಡಿಯೋ ಸಣ್ಣ ಸ್ಪ್ರಿಂಗು. ಇಷ್ಟೇ. 40 ಮಿಲಿಮೀಟರ್ ಶಾಫ್ಟು 3000 ಆರ್‌ಪಿಎಂನಲ್ಲಿ ತಿರುಗಿದ್ರೆ ಅದರ ಮೇಲ್ಮೈ ಸೆಕೆಂಡಿಗೆ 6 ಮೀಟರಿಗಿಂತ ಜಾಸ್ತಿ ವೇಗದಲ್ಲಿ ಆ ತುಟಿಯ ಕೆಳಗೆ ಉಜ್ಜಿಕೊಂಡು ಹೋಗುತ್ತೆ. ಆದ್ರೂ ತುಟಿ ಸುಟ್ಟುಹೋಗಲ್ಲ. ಯಾಕಂದ್ರೆ ತುಟಿಗೂ ಶಾಫ್ಟಿಗೂ ನಡುವೆ ತುಂಬಾ ತೆಳ್ಳನೆ ಆಯಿಲ್ ಪದರ ಇರುತ್ತೆ. ಚೆನ್ನಾಗಿರೋ ಸೀಲು ಆ ಆಯಿಲನ್ನು ಒಳಕ್ಕೇ ತಳ್ತಾ ಇರುತ್ತೆ. ಹಾಗಾಗಿ ಒಣಗಿದ ಸೀಲನ್ನು ಹಾಗೇ ಹಾಕಬಾರದು, ತುಟಿಗೆ ಆಯಿಲ್ ಸವರಿ ಹಾಕಬೇಕು. ಸ್ಪ್ರಿಂಗ್ ಇರೋ ಕಡೆ ಎಂಜಿನ್ನಿನ ಒಳಕ್ಕೆ, ಆಯಿಲ್ ಕಡೆಗೆ ಮುಖ ಮಾಡಿರಬೇಕು.

ನಮ್ಮ ಮೊದಲ ಪ್ರಯತ್ನ ಕೆಟ್ಟಿತು. ಟೈಮಿಂಗ್ ಗುರುತು ಮಾಡ್ಕೊಂಡು ಬೆಲ್ಟು, ಪುಲ್ಲಿ ಬಿಚ್ಚೋವರೆಗೂ ಸರಿಯಿತ್ತು. ಹೊಸ ಸೀಲನ್ನು ಸುತ್ತಿಗೆಯಿಂದ ಒಂದೊಂದು ಕಡೆ ತಟ್ಟಿ ಕೂರಿಸಲು ಹೋದ್ವಿ, ಸೊಟ್ಟಗೆ ಕೂತಿತು. ತೆಗೆದು ನೋಡಿದ್ರೆ ತುಟಿಯೂ ಶಾಫ್ಟಿನ ಕೀ ಕೂರುವ ಗಾಡಿಯ ಅಂಚಿಗೆ ತಾಗಿ ಹರಿದಿತ್ತು. ಮೇಸ್ತ್ರಿ ಬೈಯ್ಯಲಿಲ್ಲ. ಆ ಅಂಚಿನ ಮೇಲೆ ಟೇಪ್ ಸುತ್ತಿಸಿ, ಸೀಲಿನ ಹೊರಬಳೆಯಷ್ಟೇ ಅಗಲದ ಒಂದು ಪೈಪ್ ತುಂಡು ಇಟ್ಟು, ಸುತ್ತಲೂ ಒಂದೇ ಸಮ ಒತ್ತಡ ಬೀಳೋ ಹಾಗೆ ಕೂರಿಸೋದನ್ನ ತೋರಿಸಿಕೊಟ್ರು. ಎರಡನೇ ಸೀಲು ಸರಿಯಾಗಿ ಕೂತಿತು. ಬಿಚ್ಚಿದ್ದು ಹೇಗೂ ಬಿಚ್ಚಾಗಿದೆ ಅಂತ ಬೆಲ್ಟೂ ಹೊಸದು ಹಾಕಿದ್ವಿ.

ಕೊನೆಗೆ ಅವರು ತೋರಿಸಿದ್ದು ಪಿಸಿವಿ ವಾಲ್ವ್. ಅದು ಮಸಿ ಕಟ್ಟಿ ಮುಚ್ಚಿಹೋಗಿತ್ತು. ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸ್ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಬರೋದು ಎಲ್ಲಾ ಎಂಜಿನ್ನಿನಲ್ಲೂ ಸಹಜ. ಅದು ಈ ವಾಲ್ವಿನ ಮೂಲಕ ಮತ್ತೆ ಇಂಟೇಕಿಗೆ ಹೋಗಬೇಕು. ದಾರಿ ಮುಚ್ಚಿದ್ರೆ ಒಳಗೆ ಒತ್ತಡ ಏರಿ, ಎಲ್ಲಿ ಸೀಲು ಮೆತ್ತಗಿದೆಯೋ ಅಲ್ಲಿಂದ ಆಯಿಲನ್ನು ಹೊರಕ್ಕೆ ನೂಕುತ್ತೆ. ಇದನ್ನ ನೋಡದೆ ಬರೀ ಸೀಲ್ ಬದಲಾಯಿಸಿದ್ದರೆ ಆರು ತಿಂಗಳಿಗೆ ಮತ್ತೆ ಅದೇ ಕಥೆ ಆಗ್ತಿತ್ತು. ಸೀಲು ಸವೆದಿದ್ದು ಒಂದು ಪ್ರಶ್ನೆ, ಯಾಕೆ ಸೋರಿತು ಅನ್ನೋದು ಇನ್ನೊಂದು ಪ್ರಶ್ನೆ. ಎರಡಕ್ಕೂ ಉತ್ತರ ಬೇಕು.

ನಾವು ಹಾಳು ಮಾಡಿದ ಸೀಲೂ ಸೇರಿ ಒಟ್ಟು ಖರ್ಚು ಮೂರೂವರೆ ಸಾವಿರದೊಳಗೆ ಮುಗೀತು. ಕಾರು ಗುಜರಿಗೆ ಹೋಗಲಿಲ್ಲ. ಅಂಕಲ್ ನಮಗೆ ಊಟ ಹಾಕಿಸಿ ಥ್ಯಾಂಕ್ಸ್ ಹೇಳಿದ್ರು. ಫೋನಿನಲ್ಲಿ ನಾವು ಹೇಳಿದ್ದ ತಪ್ಪು ತೀರ್ಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದೇ ನಮಗೆ ಜಾಸ್ತಿ ಚುಚ್ಚಿದ್ದು.

ಈಗ "ಟಾಪ್ ಅಪ್ ಮಾಡಿದ್ರೆ ಆಯ್ತು" ಅನ್ನುವವರಿಗೆ ಒಂದು ಲೆಕ್ಕ. ನಿಮಿಷಕ್ಕೆ ಒಂದೇ ಹನಿ ಬೀಳುತ್ತೆ, ಒಂದು ಮಿಲಿಲೀಟರಿಗೆ ಸುಮಾರು 30 ಹನಿ ಅಂತಿಟ್ಕೊಳ್ಳಿ. ದಿನಕ್ಕೆ 1440 ಹನಿ, ಅಂದ್ರೆ 48 ಮಿಲಿಲೀಟರ್, ತಿಂಗಳಿಗೆ ಸುಮಾರು 1.4 ಲೀಟರ್. ಇಂಥ ಸಣ್ಣ ಎಂಜಿನ್ನು ಹಿಡಿಯೋದೇ ಮೂರು ಲೀಟರ್ ಆಸುಪಾಸು. ಪರೀಕ್ಷೆ ಗಲಾಟೇಲಿ ಒಂದು ತಿಂಗಳು ಡಿಪ್‌ಸ್ಟಿಕ್ ನೋಡೋದು ಮರೆತರೆ ಬೇರಿಂಗ್ ಹೋಗುತ್ತೆ. ಆಮೇಲೆ ನಿಜವಾಗಿಯೂ ಎಂಜಿನ್ ಇಳಿಸಬೇಕು. ಸೋರಿದ ಆಯಿಲು ರಸ್ತೆಗೂ ಬೀಳುತ್ತೆ. ಮೊದಲ ಮಳೆಗೆ ಅದರ ಮೇಲೆ ಜಾರಿ ಬೀಳೋದು ಹಿಂದೆ ಬರ್ತಿರೋ ಸ್ಕೂಟರಿನವರು. ಬಳಸಿದ ಆಯಿಲನ್ನು ನಮ್ಮ ದೇಶದ 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿಟ್ಟಿವೆ. ನಾವೋ, ಪಾರ್ಕಿಂಗಿನಲ್ಲಿ ಅದರ ಮೇಲೆ ಚಪ್ಪಲಿ ಹಾಕ್ಕೊಂಡು ಓಡಾಡ್ತೀವಿ.

ಡಬ್ಬಿಯಲ್ಲಿ ಬರೋ ಸೋರಿಕೆ ನಿಲ್ಲಿಸೋ ದ್ರಾವಣ ಸುರಿದ್ರೆ ಸಾಲ್ದಾ ಅಂತ ಕೇಳ್ತೀರಿ. ಅಂಥವು ಸಾಮಾನ್ಯವಾಗಿ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡ್ತವೆ. ಬರೀ ಗಟ್ಟಿಯಾದ ಸೀಲಿಗೆ ಸ್ವಲ್ಪ ದಿನ ಉಪಯೋಗ ಆಗಬಹುದು. ಹರಿದ ತುಟಿಯನ್ನಾಗಲಿ, ಶಾಫ್ಟಿನ ಮೇಲೆ ಸವೆದು ಬಿದ್ದಿರೋ ಗೆರೆಯನ್ನಾಗಲಿ ಯಾವ ದ್ರಾವಣವೂ ಸರಿಮಾಡಲ್ಲ.

ಹಾಗಂತ ತೇವ ಕಂಡಲ್ಲೆಲ್ಲ ಬಿಚ್ಚಿ ಅಂತ ನಾವು ಹೇಳ್ತಿಲ್ಲ. ಎಂಜಿನ್ ಸ್ವಲ್ಪ ಬೆವರೋದಕ್ಕೂ ಹನಿ ಬೀಳೋದಕ್ಕೂ ವ್ಯತ್ಯಾಸ ಇದೆ. ಬೆವರಾದ್ರೆ ಒರೆಸಿ, ಗಮನ ಇಟ್ಟು ಕಾಯಬಹುದು. ಕೆಲವು ಸಲ ಹಿಂದಗಡೆ ಸೀಲೇ ಹೋಗಿರುತ್ತೆ, ಆಗ ಗೇರ್‌ಬಾಕ್ಸ್ ಇಳಿಸದೆ ಗತಿಯಿಲ್ಲ. ಗ್ಯಾರೇಜಿನವರು ಹೇಳೋದೆಲ್ಲ ಸುಳ್ಳೂ ಅಲ್ಲ. ತೀರ್ಪಿಗೆ ಮೊದಲು ಸಾಕ್ಷಿ ಇರಲಿ ಅನ್ನೋದಷ್ಟೇ ನಮ್ಮ ಮಾತು.

"ಇನ್ನೇನು ಎಲ್ಲಾ ಎಲೆಕ್ಟ್ರಿಕ್ ಆಗ್ತಿದೆ, ಆಯಿಲ್ ಸೀಲ್ ಕಲಿತು ಏನ್ಮಾಡೋದು?" ಅಂತ ಕ್ಲಾಸಿನಲ್ಲೊಬ್ಬ ಕೇಳಿದ. ಎಲೆಕ್ಟ್ರಿಕ್ ಕಾರಿನ ಮೋಟಾರು ಚಕ್ರಕ್ಕೆ ಶಕ್ತಿ ಕೊಡೋದು ಗೇರ್‌ಗಳ ಮೂಲಕವೇ. ಅಲ್ಲೂ ಆಯಿಲ್ ಇದೆ, ಶಾಫ್ಟಿಗೆ ಸೀಲಿದೆ. ಬ್ಯಾಟರಿ ಪೆಟ್ಟಿಗೆಗೆ ನೀರು ಹೋಗದ ಹಾಗೆ ತಡೆಯೋದೂ ಪ್ಯಾಕಿಂಗೇ. ನೀರಿನ ಪಂಪು, ವಾಷಿಂಗ್ ಮೆಷೀನು, ಎಲ್ಲದರಲ್ಲೂ ಇದೇ ಕಥೆ.

1986ರ ಜನವರಿ 28ರಂದು ಚಾಲೆಂಜರ್ ನೌಕೆ ಸ್ಫೋಟಗೊಂಡು ಏಳು ಜನ ಸತ್ತಿದ್ದು ಚಳಿಗೆ ಗಟ್ಟಿಯಾದ ಒಂದು ಓ-ರಿಂಗಿನಿಂದ ಅಂತ ಸೆಮಿನಾರ್‌ನಲ್ಲಿ ನಾವೆಲ್ಲ ಪಿಪಿಟಿ ಮಾಡ್ತೀವಿ. ಫೈನ್‌ಮನ್ ತಣ್ಣೀರಿನ ಲೋಟದಲ್ಲಿ ರಬ್ಬರ್ ಅದ್ದಿ ತೋರಿಸಿದ ಫೋಟೋನೂ ಹಾಕ್ತೀವಿ. ಆದ್ರೆ ಸೀಲಿನ ತುಟಿ ಯಾವ ಕಡೆ ಮುಖ ಮಾಡಿರಬೇಕು ಅಂತ ಕೇಳಿದ್ರೆ ನಮ್ಮ ಬ್ಯಾಚಿನಲ್ಲಿ ಎಷ್ಟು ಜನ ಹೇಳ್ತಾರೆ? ದಸರಾಕ್ಕೆ ಮೊದಲು ನಾವು ನಾಲ್ಕು ಜನರೂ ಹೇಳ್ತಿರಲಿಲ್ಲ. ಲ್ಯಾಬಿನಲ್ಲಿರೋ ಕಟ್ ಸೆಕ್ಷನ್ ಎಂಜಿನ್ನಿಗೆ ಕೆಂಪು, ನೀಲಿ, ಹಳದಿ ಬಣ್ಣ ಎಲ್ಲಾ ಬಳಿದಿದ್ದಾರೆ. ಸೀಲ್ ಮಾತ್ರ ಒಂದೂ ಇಲ್ಲ.

ಆದ್ದರಿಂದ ವಿಭಾಗದ ಮೇಷ್ಟ್ರುಗಳಲ್ಲಿ ನಮ್ಮದೊಂದು ಬೇಡಿಕೆ. ಲ್ಯಾಬಿನ ಹಿಂದೆ ತುಕ್ಕು ಹಿಡೀತಿರೋ ಹಳೇ ಎಂಜಿನ್ನನ್ನ ನಮ್ಮ ಕೈಗೆ ಕೊಡಿ. ಪ್ರತಿ ಬ್ಯಾಚೂ ಅದರಲ್ಲೊಂದು ಸೀಲ್ ತೆಗೆದು ಹಾಕಲಿ. ಇನ್ನೂರು ರೂಪಾಯಿಯೊಳಗಿನ ಸೀಲು, ಒಂದು ಮಧ್ಯಾಹ್ನ ಸಾಕು. ಒಂದೆರಡು ಸೀಲು ಹಾಳಾಗಲಿ, ನಮ್ಮದೂ ಆಯ್ತಲ್ಲ. ಊರಿನ ಒಬ್ಬ ಮೇಸ್ತ್ರಿಯನ್ನ ಗೌರವಧನ ಕೊಟ್ಟು ಕರೆಸಿದ್ರೆ ಇನ್ನೂ ಒಳ್ಳೇದು.

ಓದುಗ ಗೆಳೆಯರಿಗೆ ಹೇಳೋದು ಇಷ್ಟೇ. ನಿಮ್ಮ ಮನೆಯಿಂದಲೂ ಒಂದಿನ ಅಂಥ ವಿಡಿಯೋ ಬರುತ್ತೆ. ಅವರು ನಿಮ್ಮ ಮಾತನ್ನ ನಂಬ್ತಾರೆ, ಯಾಕಂದ್ರೆ ನೀವು ಓದಿರೋರು. ಉತ್ತರ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ. ರಜೆಗೆ ಬಂದಾಗ ಒರೆಸಿ ನೋಡ್ತೀನಿ ಅನ್ನಿ. ಹೋದಾಗ ಮರೀದೆ ಒರೆಸಿ ನೋಡಿ.