ಹೇಳಿದವರಿಲ್ಲದ ಭಯ

ದೆವ್ವದ ಕಾದಂಬರಿ ಬೇಡವೆನ್ನುವವರು ಎರಡು ಬಣದಲ್ಲೂ ಇದ್ದಾರೆ. ನಂಬುವ ಹಿರಿಯರಿಗೆ ಅದರ ಹೆಸರೆತ್ತಿದರೆ ಬಂದೇಬಿಡುತ್ತದೆಂಬ ಅಳುಕು. ನಂಬದ ಮೇಷ್ಟ್ರಿಗೆ ಮೂಢನಂಬಿಕೆ ಬೆಳೆಯುತ್ತದೆಂಬ ಚಿಂತೆ. ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಓದಿದ ಮೇಲೆ ನನಗೆ ಇಬ್ಬರ ಮಾತೂ ಒಪ್ಪಿಗೆಯಾಗಿಲ್ಲ.

ನಮ್ಮ ಕಟ್ಟೆಮಳಲವಾಡಿ ಕಡೆ ದೆವ್ವಕ್ಕೆ ಪುಸ್ತಕದ ಹಂಗೇ ಇಲ್ಲ. ಹುಣಸೂರು, ಪಿರಿಯಾಪಟ್ಟಣ ಸೀಮೆಯಲ್ಲಿ ತಂಬಾಕು ಬೇಯಿಸುವ ಕಾಲ ಬಂತೆಂದರೆ ಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಮುಂದೆ ರಾತ್ರಿಯಿಡೀ ಯಾರಾದರೂ ಎದ್ದಿರಬೇಕು. ಸೊಪ್ಪು ಹಳದಿಗೆ ತಿರುಗಿ ನಡುನರ ಒಣಗುವವರೆಗೆ, ಐದಾರು ದಿನ, ಶಾಖ ಹಂತಹಂತವಾಗಿ ಏರುತ್ತಿರಬೇಕು. ಉರಿ ತಪ್ಪಿದರೆ ಬಣ್ಣ ಕೆಟ್ಟು, ಹರಾಜಿನಲ್ಲಿ ದರ ಬಿದ್ದುಹೋಗುತ್ತದೆ. ನಿದ್ದೆ ತಡೆಯಲು ಮಾತು ಬೇಕು. ಸರಿರಾತ್ರಿ ದಾಟಿದ ಮಾತು ಲಕ್ಷ್ಮಣತೀರ್ಥದ ದಡದ ಕೊಳ್ಳಿದೆವ್ವಕ್ಕೇ ಹೋಗಿ ನಿಲ್ಲುತ್ತದೆ. ನೋಡಿದವರು ಯಾರು ಎಂದು ಕೇಳಿ ನೋಡಿ: ಭಾವಮೈದನ ಊರಿನವರು, ಇಲ್ಲವೇ ತೀರಿಹೋದ ದೊಡ್ಡಪ್ಪ. ಹೇಳುತ್ತಿರುವವನು ಮಾತ್ರ ಕಂಡಿರುವುದಿಲ್ಲ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಸಿದ ದೆವ್ವಕ್ಕೂ ಮೊದಲು ಹೇಳಿದವರೆಂಬುವರು ಸಿಗಲಿಲ್ಲ.

ಡ್ರಾಕುಲಾ ಹಾಗಲ್ಲ. ಅವನನ್ನು ಕಟ್ಟಿದವನು ಯಾರೆಂದು ಗೊತ್ತು. 1897ರಲ್ಲಿ ಅಚ್ಚಾದದ್ದು ಗೊತ್ತು. ಲಂಡನ್ನಿನ ನಾಟಕಶಾಲೆಯೊಂದರ ಮ್ಯಾನೇಜರಾಗಿದ್ದ ಸ್ಟೋಕರ್ ಟ್ರಾನ್ಸಿಲ್ವೇನಿಯಾಕ್ಕೆ ಕಾಲಿಟ್ಟವನೇ ಅಲ್ಲ. 1890ರಲ್ಲಿ ವಿಟ್ಬಿ ಎಂಬ ಕಡಲೂರಿನ ಗ್ರಂಥಾಲಯದಲ್ಲಿ ಓದಿದ ಪುಸ್ತಕದಿಂದ ಡ್ರಾಕುಲಾ ಎಂಬ ಹೆಸರನ್ನು ಎತ್ತಿಕೊಂಡ. ಅವನ ಟಿಪ್ಪಣಿಗಳು ಇವತ್ತಿಗೂ ಉಳಿದಿವೆ. ಭಯವನ್ನು ಎಲ್ಲಿಂದ ತಂದು ಹೇಗೆ ಹೊಲಿದ ಎಂಬುದನ್ನು ಬಿಚ್ಚಿ ನೋಡಬಹುದು. ಆದರೂ ಕೋಟೆಯ ಗೋಡೆಯ ಮೇಲೆ ಕೌಂಟ್ ಡ್ರಾಕುಲಾ ತಲೆಕೆಳಗಾಗಿ ಇಳಿಯುವ ಪುಟದಲ್ಲಿ ಮೈ ಜುಮ್ಮೆನ್ನದೆ ಇರದು. ನಂಬದೆಯೂ ಹೆದರಬಹುದು ಎಂಬುದನ್ನು ಓದುಗ ತನ್ನ ಮೈಯಲ್ಲೇ ಕಂಡುಕೊಳ್ಳುತ್ತಾನೆ. ಮೈ ನಡುಗಿದ್ದೇ ಸಾಕ್ಷಿಯಲ್ಲ ಎಂದು ಒಮ್ಮೆ ತಿಳಿದವನನ್ನು ಮಂತ್ರವಾದಿ ಹೆದರಿಸುವುದು ಸುಲಭವಲ್ಲ.

ಪುಸ್ತಕವಿಲ್ಲದ ಭಯ ಏನು ಮಾಡೀತು? ಕಾದಂಬರಿ ಬರುವ ಐದು ವರ್ಷ ಮೊದಲು, 1892ರಲ್ಲಿ, ಅಮೆರಿಕದ ರೋಡ್ ಐಲೆಂಡಿನ ಎಕ್ಸೆಟರ್‌ನಲ್ಲಿ ಕ್ಷಯದಿಂದ ಸತ್ತ ಮರ್ಸಿ ಬ್ರೌನ್ ಎಂಬ ಹುಡುಗಿ ರಕ್ತ ಹೀರುವ ದೆವ್ವವಾಗಿದ್ದಾಳೆಂದು ನಂಬಿ ಅವಳ ಹೆಣವನ್ನು ಹೊರತೆಗೆದು ಹೃದಯವನ್ನು ಸುಟ್ಟರು. ಅದೇ ಕಾಯಿಲೆ ಬಿದ್ದಿದ್ದ ಅಣ್ಣ ಎಡ್ವಿನ್‌ಗೆ ಆ ಬೂದಿಯನ್ನೇ ಕದಡಿ ಕುಡಿಸಿದರು. ಅವನೂ ಉಳಿಯಲಿಲ್ಲ. ಅವರಲ್ಲಿ ಯಾರೂ ‘ಡ್ರಾಕುಲಾ’ ಓದಿದವರಲ್ಲ. ಅಷ್ಟು ದೂರವೇಕೆ? 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಸುದ್ದಿ ನಂಬಿ ಬೆಂಗಳೂರಿನ ಚಾಮರಾಜಪೇಟೆಯಲ್ಲೊಬ್ಬರನ್ನು, ಬೀದರ್ ಜಿಲ್ಲೆಯ ಮುರ್ಕಿಯಲ್ಲೊಬ್ಬರನ್ನು ಜನ ಹೊಡೆದು ಕೊಂದರು. ಆ ಸುದ್ದಿಯಲ್ಲಿ ದೆವ್ವವೇ ಇರಲಿಲ್ಲ. ಯಾರೋ ಹೇಳಿದರು ಎಂಬುದಷ್ಟೇ ಇತ್ತು.

ಯಂಡಮೂರಿಯವರ ‘ತುಳಸಿದಳ’ ಕಾದಂಬರಿ ಓದಿ ಮಾಟಕ್ಕೆ ಹೆದರಿದವರಿಲ್ಲವೇ ಎಂದು ಕೇಳಬಹುದು. ಇದ್ದಾರು. ಆದರೆ ಅವರ ಮನೆಯ ಹೊಸ್ತಿಲಲ್ಲಿ ನಿಂಬೆಹಣ್ಣು ಕಂಡು ಹೌಹಾರುವ ಅಭ್ಯಾಸ ಆ ಪುಸ್ತಕಕ್ಕಿಂತ ಹಳೆಯದು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ಕಟ್ಟಿದಾಗ ಅವರ ತಕರಾರು ಪವಾಡಪುರುಷರ ಜೊತೆಗಿತ್ತು, ಕತೆಗಾರರ ಜೊತೆಗಲ್ಲ.

ಸ್ಟೋಕರನಂತೂ ಇಡೀ ಕಾದಂಬರಿಯನ್ನು ದಿನಚರಿ, ಕಾಗದ, ತಂತಿ, ಪತ್ರಿಕೆಯ ತುಣುಕುಗಳಲ್ಲೇ ಹೇಳಿಸುತ್ತಾನೆ. ಯಾರು, ಯಾವ ದಿನ, ಏನು ಕಂಡರು ಎಂಬುದಕ್ಕೆ ಲೆಕ್ಕವಿದೆ. ಅಷ್ಟೆಲ್ಲ ಆದ ಮೇಲೆ ಕೊನೆಯ ಟಿಪ್ಪಣಿಯಲ್ಲಿ ವಕೀಲ ಜೊನಾಥನ್ ಹಾರ್ಕರ್ ಕಾಗದಗಳನ್ನೆಲ್ಲ ತೆಗೆದು ನೋಡಿ, ಮೂಲ ದಾಖಲೆ ಎನ್ನುವಂಥದ್ದು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಇರುವುದೆಲ್ಲ ಟೈಪು ಮಾಡಿದ ಪ್ರತಿ, ಇದನ್ನು ನಂಬಿ ಎಂದು ಯಾರನ್ನೂ ಕೇಳಲಾರೆವು ಎಂದು ತಾನೇ ಒಪ್ಪಿಕೊಳ್ಳುತ್ತಾನೆ.