ಮೈಕ್ ಇಲ್ಲದ ಮೂರು ತಿಂಗಳು

ಕೆಲವು ವಾರಗಳ ಹಿಂದೆ ಆರಾಧನೆ ಮುಗಿದ ಮೇಲೆ ನಮ್ಮ ಸಭಾಪಾಲಕರು ಒಂದು ಪ್ರಕಟಣೆ ಓದಿದರು. ಹೊಸ ಆರಾಧನಾ ತಂಡ ಕಟ್ಟಲಿಕ್ಕಿದೆ, ಹಾಡುವ ಆಸಕ್ತಿ ಇರುವವರು ಹೆಸರು ಕೊಡಬೇಕು, ಎಲ್ಲರಿಗೂ ಆಡಿಷನ್ ಇರುತ್ತದೆ ಅಂತ. ನನಗೆ ನಗು ಬಂತು. ಮುಂಬಯಿಯ ಈ ಕನ್ನಡ ಸಭೆಯಲ್ಲಿ 22 ವರ್ಷಗಳಿಂದ ಮೂರನೆಯ ಬೆಂಚಿನಲ್ಲಿ ಕೂತು ನಾನು ದನಿ ಎತ್ತಿದ ಮೇಲೆಯೇ ಉಳಿದವರು ಹಾಡುವುದು. ನನಗೇನು ಪರೀಕ್ಷೆ?

ನಮ್ಮದು ಸಣ್ಣ ಸಭೆ. ಬೆಳಿಗ್ಗೆ ಮರಾಠಿ ಆರಾಧನೆ ನಡೆಯುವ ದೇವಾಲಯದಲ್ಲೇ ಸಂಜೆ ನಾಲ್ಕಕ್ಕೆ ನಮ್ಮದು. ಉಡುಪಿ, ಮೂಲ್ಕಿ, ಹುಬ್ಬಳ್ಳಿ, ಗದಗ ಕಡೆಯಿಂದ ಬಂದ ಕುಟುಂಬಗಳು ಸೇರಿ ನಲವತ್ತೈದು ಜನರಾದರೆ ದೊಡ್ಡ ಸಂಖ್ಯೆ. ಆರ್ಗನ್ ನುಡಿಸುತ್ತಿದ್ದ ಹಿರಿಯರು ನಿವೃತ್ತರಾಗಿ ಊರಿಗೆ ಹೋದರು. ಈಗ ಕೀಬೋರ್ಡ್, ಗಿಟಾರ್ ನುಡಿಸುವ ಹುಡುಗರಿದ್ದಾರೆ. ಅವರಿಗೆ ರಾಗ ಗೊತ್ತು, ಕನ್ನಡ ಅಕ್ಷರ ಗೊತ್ತಿಲ್ಲ.

ನನ್ನ ಮಗಳೂ ಹಾಗೆಯೇ. ಹುಟ್ಟಿದ್ದು, ಓದುತ್ತಿರುವುದು ಎಲ್ಲ ಇಲ್ಲೇ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಅವಳೂ ಹೆಸರು ಕೊಟ್ಟಿದ್ದಾಳೆ ಎಂದು ಗೊತ್ತಾದದ್ದು ನಾನು ಕೊಟ್ಟ ಮೇಲೆ. ತಯಾರಿ ಒಟ್ಟಿಗೇ ಮಾಡೋಣ ಎಂದಳು. ನಾನು ಕಲಿಸುವವನು, ಅವಳು ಕಲಿಯುವವಳು ಎಂದೇ ನನ್ನ ಲೆಕ್ಕ.

ಮೊದಲ ದಿನವೇ ಲೆಕ್ಕ ತಪ್ಪಿತು. ಅಪ್ಪನ ಕಾಲದಿಂದ ಹಾಡುತ್ತಿದ್ದ ಒಂದು ಸಂಜೆಯ ಕೀರ್ತನೆಯನ್ನು ಆರಿಸಿಕೊಂಡೆ. ಅವಳು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ನನಗೇ ಕೇಳಿಸಿದಳು. ಮೂರನೆಯ ಸಾಲಿನಲ್ಲಿ ಸ್ವರ ಮೇಲೇರುವಾಗ ಅದು ಹಾಡಲ್ಲ, ಕೂಗು. ಪುಸ್ತಕದಲ್ಲಿದ್ದದ್ದು ಎಫ್ ಶ್ರುತಿ. ಅವಳು ಕೀಬೋರ್ಡಿನಲ್ಲಿ ಮೂರು ಮನೆ ಕೆಳಗಿಳಿಸಿ ಡಿಗೆ ತಂದಳು. ಗಂಟಲು ಸಡಿಲವಾಯಿತು. ಕೆಳಗಿಳಿಸುವುದು ಸೋಲು ಎಂದುಕೊಂಡಿದ್ದೆ ನಾನು. "ಪಪ್ಪ, ನಿಮಗೆ ಹತ್ತಿದರೆ ಸಾಲದು, ಬೆಂಚಿನಲ್ಲಿ ಕೂತ ಆಂಟಿಗೂ ಹತ್ತಬೇಕಲ್ಲ?" ಎಂದಳು. ಹಾಡು ಎತ್ತರಕ್ಕೆ ಹೋದಾಗ ಜನ ಸುಮ್ಮನಾಗಿ ಪುಸ್ತಕ ನೋಡುತ್ತಾ ನಿಲ್ಲುವುದನ್ನು ನಾನೂ ಕಂಡಿದ್ದೆ. ಭಕ್ತಿ ಕಡಿಮೆ ಎಂದು ತಿಳಿದಿದ್ದೆ.

ನನ್ನ ಸರದಿ ಬಂದದ್ದು ಮಾತಿನ ವಿಷಯದಲ್ಲಿ. ಹುಡುಗರೆಲ್ಲ ಹಾಡುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ. ಅಲ್ಲಿ 'ಲ'ಕ್ಕೂ 'ಳ'ಕ್ಕೂ ಒಂದೇ ಅಕ್ಷರ. ಹಾಗಾಗಿ ದೇವರ 'ಬಳಿ'ಗೆ ಬರುವವರು 'ಬಲಿ'ಗೆ ಬರುತ್ತಾರೆ. ತೊಳೆಯಬೇಕಾದ 'ಕೊಳೆ' 'ಕೊಲೆ' ಆಗುತ್ತದೆ. ಮಗಳು ಅರ್ಥ ಕೇಳಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಇಷ್ಟು ವರ್ಷ ಹಾಗೇ ಹಾಡಿದ್ದಳಂತೆ. ನಾನು ಪಕ್ಕದಲ್ಲೇ ನಿಂತಿದ್ದೆ. ಒಮ್ಮೆಯೂ ನನಗೆ ಕೇಳಿಸಿರಲಿಲ್ಲ.

ಇನ್ನೊಂದು ತೊಡಕು ನಮ್ಮ ಹಳೆಯ ಕೀರ್ತನೆಗಳಲ್ಲೇ ಇದೆ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಕಾಲದಿಂದ ಬಂದ ಎಷ್ಟೋ ಹಾಡುಗಳಲ್ಲಿ ರಾಗ ಯುರೋಪಿನದು, ಮಾತು ಕನ್ನಡದ್ದು. ಆ ಮಿಶನ್ನಿನವರೇ ಆದ ಕಿಟ್ಟೆಲ್ ಕನ್ನಡ ಛಂದಸ್ಸನ್ನು ಆಳವಾಗಿ ಓದಿದವರು. 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದರು. 1894ರಲ್ಲಿ ನಿಘಂಟು ಹೊರತಂದರು. ಯೇಸುವಿನ ಕಥೆಯನ್ನು 'ಕಥಾಮಾಲೆ'ಯಲ್ಲಿ ನಮ್ಮ ಛಂದಸ್ಸಿನಲ್ಲೇ ಹೇಳಿದರು. ಆದರೆ ಪಾಶ್ಚಾತ್ಯ ರಾಗಕ್ಕೆ ನಮ್ಮ ಲಘು, ಗುರುಗಳ ಗೊಡವೆ ಇಲ್ಲ. ತನಗೆ ಬೇಕಾದಲ್ಲಿ ಸ್ವರ ಎಳೆಯುತ್ತದೆ. ಆಗ 'ಕರುಣೆ' ಹೋಗಿ 'ಕಾರುಣೆ' ಆಗುತ್ತದೆ, 'ನಡೆಸು' ಹೋಗಿ 'ನಾಡೆಸು' ಆಗುತ್ತದೆ.

ಇದಕ್ಕೆ ನಾವು ಕಂಡುಕೊಂಡ ಉಪಾಯ ಸರಳ. ಮೊದಲು ರಾಗ ಬಿಟ್ಟು, ಸಾಲನ್ನು ಮಾತಿನಂತೆ ನಾಲ್ಕು ಸಲ ಹೇಳುವುದು. ಆಮೇಲೆ ತಾಳ ಹಾಕಿ ಹೇಳುವುದು. ಕೊನೆಗೆ ಹಾಡುವುದು. ಸ್ವರ ಎಳೆದರೂ ಬಾಯಿ 'ಅ'ಕಾರದ ಅಳತೆಗೇ ತೆರೆದಿರಬೇಕು. ಇದನ್ನು ನಾನು ಮಗಳಿಗೆ ಕಲಿಸಿದೆ. ಅವಳು ನನಗೆ ಮೆಟ್ರೊನೋಮ್ ಇಟ್ಟು, ನಾನು ಪ್ರತಿ ಸಾಲಿನ ಕೊನೆಯಲ್ಲೂ ಓಡುತ್ತೇನೆಂದು ತೋರಿಸಿಕೊಟ್ಟಳು. ಪುಸ್ತಕ ನೋಡದೆ ಹಾಡುವುದಕ್ಕೂ ಅವಳದೇ ಒತ್ತಾಯ. ಕಣ್ಣು ಪುಸ್ತಕದಲ್ಲಿದ್ದರೆ ಕೀಬೋರ್ಡಿನವನ ಸನ್ನೆ ಕಾಣುವುದಿಲ್ಲ.

ಒಂದು ರಾತ್ರಿ ಅವಳು ಮೇಲಿನ ದನಿ, ನಾನು ಕೆಳಗಿನದು ಹಾಡುತ್ತಿದ್ದೆವು. ಎರಡು ಸಾಲು ಆಗುವಷ್ಟರಲ್ಲಿ ನಾನು ನನಗೇ ತಿಳಿಯದೆ ಅವಳ ರಾಗಕ್ಕೆ ಹೋಗಿದ್ದೆ, ಅದೂ ಅವಳಿಗಿಂತ ಜೋರಾಗಿ. ಅವಳು ನಿಲ್ಲಿಸಿದಳು. "ನೀವು ಹಾಡುವಾಗ ಬೇರೆ ಯಾರನ್ನೂ ಕೇಳಿಸಿಕೊಳ್ಳುವುದಿಲ್ಲ ಪಪ್ಪ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಮಾತಾಡುವಾಗಲೂ" ಎಂದಳು. ನಾನು ನೀರು ಕುಡಿಯಲು ಎದ್ದು ಅಡುಗೆಮನೆಗೆ ಹೋದೆ. ಕಾಲೇಜು ಆರಿಸುವಾಗ ಅವಳು ಹೇಳಿದ್ದು ನೆನಪಾಯಿತು. ಹೇಳಿದ್ದಳು ಎಂಬುದಷ್ಟೇ ನೆನಪು, ಏನು ಹೇಳಿದ್ದಳು ಎಂಬುದು ನೆನಪಾಗಲಿಲ್ಲ.

ಆಡಿಷನ್ ಶನಿವಾರ ಸಂಜೆ. ಸಭಾಪಾಲಕರು, ಕೀಬೋರ್ಡಿನ ಹುಡುಗ, ಹಿಂದೆ ಕ್ವಾಯರ್ ನಡೆಸಿದ್ದ ಒಬ್ಬರು ಅಕ್ಕ, ಈ ಮೂವರೇ ಕೇಳುವವರು. ತಯಾರಿ ಮಾಡಿದ ಹಾಡಿನ ಎರಡು ಚರಣ ಹಾಡಿಸಿದರು. ಅದು ಚೆನ್ನಾಗಿ ಹೋಯಿತು. ಆಮೇಲೆ ಗೊತ್ತಿಲ್ಲದ ಒಂದು ಸಣ್ಣ ರಾಗ ನುಡಿಸಿ ಹಿಂದೆಯೇ ಹಾಡಲು ಹೇಳಿದರು. ಅದೂ ಆಯಿತು. ಮೂರನೆಯದು, ಇನ್ನಿಬ್ಬರ ಜೊತೆ ಸೇರಿ ಹಾಡುವುದು. ಕೊನೆಯ ಸಾಲಿಗೆ ಬಂದಾಗ ಕೀಬೋರ್ಡಿನ ಹುಡುಗ ನಿಧಾನ ಮಾಡಿದ, ಉಳಿದಿಬ್ಬರು ಅವನನ್ನು ನೋಡಿ ನಿಧಾನವಾದರು. ನಾನೊಬ್ಬನೇ ಮುಂದೆ ಹೋಗಿ ಹಾಡು ಮುಗಿಸಿ ನಿಂತಿದ್ದೆ.

ಅಕ್ಕ ಮೆತ್ತಗೆ ಹೇಳಿದರು: "ನಿಮ್ಮ ದನಿಯಲ್ಲಿ ಏನೂ ಕೊರತೆ ಇಲ್ಲ. ಆದರೆ ಇದು ಸಭೆಯನ್ನು ಹಾಡಿಸುವ ಕೆಲಸ. ಮೂರು ತಿಂಗಳು ಅಭ್ಯಾಸಕ್ಕೆ ಬನ್ನಿ, ಮೈಕ್ ಇಲ್ಲದೆ." ಮಗಳು ಮುಂದಿನ ಭಾನುವಾರದಿಂದಲೇ ತಂಡಕ್ಕೆ ಸೇರಬೇಕೆಂದರು.

ಲೋಕಲ್ ಟ್ರೈನಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಅವಳಿಗೆ ಸಂತೋಷಪಡಲು ಸಂಕೋಚ, ನನಗೆ ಸಂಕಟ ತೋರಿಸಲು ಸಂಕೋಚ. ಇಳಿಯುವ ಮೊದಲು, "ಪರದೆಯ ಮೇಲೆ ಹಾಡಿನ ಮಾತು ಹಾಕುವಾಗ ಕನ್ನಡ ಅಕ್ಷರವೂ ಇರಲಿ, ನಾನು ಟೈಪ್ ಮಾಡಿ ಕೊಡುತ್ತೇನೆ" ಎಂದೆ. "ಅದರ ಕೆಳಗೆ ಇಂಗ್ಲಿಷಿನದೂ ಇರಲಿ, ಇಲ್ಲದಿದ್ದರೆ ನಾವು ಹಾಡುವುದು ಹೇಗೆ?" ಎಂದಳು. ಒಪ್ಪಿದೆ. 'ಳ' ಬರುವಲ್ಲೆಲ್ಲ ಕೆಳಗೆ ಗೆರೆ ಎಳೆಯುವುದೆಂದು ಇಬ್ಬರೂ ಸೇರಿ ತೀರ್ಮಾನಿಸಿದೆವು.

ಮೊನ್ನೆಯ ಭಾನುವಾರ ನಾನು ಅದೇ ಮೂರನೆಯ ಬೆಂಚಿನಲ್ಲಿದ್ದೆ. ಮುಂದೆ ಮಗಳು. ಮೊದಲ ಚರಣ ಪೂರ್ತಿ ಬಾಯಿ ತೆರೆಯಬಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಕಷ್ಟವಾಯಿತು. ಅವಳು 'ಬಳಿ' ಎಂಬಲ್ಲಿ ನಾಲಿಗೆ ಮಡಚಿದ್ದು ಸ್ಪಷ್ಟವಾಗಿ ಕೇಳಿಸಿತು. ಜೊತೆಗೆ ನನ್ನ ಎಡಗಡೆಯಿಂದ ಇನ್ನೊಂದು ದನಿ. ಮೂಲ್ಕಿ ಕಡೆಯ ಆ ಹಿರಿಯರು ಎಷ್ಟೋ ವರ್ಷಗಳಿಂದ ನನ್ನ ಪಕ್ಕದಲ್ಲೇ ಕೂರುವವರು. ಅವರು ಹಾಡುತ್ತಿದ್ದದ್ದು ರಾಗವಲ್ಲ, ಕೆಳಗಿನ ಬೇಸ್ ದನಿ. ಪುಸ್ತಕ ಮುಚ್ಚಿಯೇ ಇತ್ತು, ಒಂದು ಸ್ವರವೂ ತಪ್ಪಲಿಲ್ಲ.

ಹೊರಗೆ ಬಂದು ಕೇಳಿದೆ. ಊರಿನ ಕ್ವಾಯರಿನಲ್ಲಿ ಹುಡುಗನಾಗಿದ್ದಾಗ ಕಲಿತದ್ದಂತೆ. "ನಾನು ಯಾವಾಗಲೂ ಹೀಗೇ ಹಾಡುವುದಲ್ಲವಾ ಮಾರಾಯ್ರೆ" ಎಂದರು. ಈ ಶನಿವಾರ ಅಭ್ಯಾಸಕ್ಕೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಕೆಳಗಿನ ದನಿಯಲ್ಲಿ ನನಗೆ ಇನ್ನೂ ಬಹಳ ಕಲಿಯಲಿಕ್ಕಿದೆ.