ಕಣ್ಣಿಗೆ ಕಾಣದ ಬೆಳಕು

ಛಾಯಾಚಿತ್ರದ ಹವ್ಯಾಸವುಳ್ಳ ನಮ್ಮ ವಾಚಕರಲ್ಲಿ ಕೆಲವರು, ಕಪ್ಪು-ಬಿಳುಪಿನ ಇನ್ಫ್ರಾರೆಡ್ ಫಿಲ್ಮಿಗೆ ಯಾವ ಫಿಲ್ಟರು, ಎಂತಹ ಬೆಳಕು ತಕ್ಕುದೆಂದು ಕೇಳಿರುವರು. ಉತ್ತರಕ್ಕೆ ಮೊದಲು ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ.

ನಮ್ಮ ಹಿತ್ತಿಲಿನ ಹಳೆಯ ಮಾವಿನಮರವನ್ನು ಕಡಿಸಬೇಕಾಗಿ ಬಂದಾಗ, ಅದರ ಚಿತ್ರವನ್ನು ಇಂತಹ ಫಿಲ್ಮಿನಲ್ಲಿ ಉಳಿಸಿಕೊಳ್ಳಬೇಕೆಂದು ಆಶಿಸಿದೆವು. ಫಿಲ್ಟರು ಕಪ್ಪಾದಷ್ಟೂ ಮೇಲೆಂದು ಭಾವಿಸಿ, 87ನೆಯ ಸಂಖ್ಯೆಯ ಗಾಜನ್ನು ತಂದು, ಒಂದು ಸುರುಳಿಯನ್ನು ಪೂರ್ತಿಯಾಗಿ ಮುಗಿಸಿದೆವು. ತೊಳೆದು ನೋಡಲು ಸುರುಳಿಯಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ ಹಿತ್ತಿಲಿನಲ್ಲಿ ಮರವೂ ಇರಲಿಲ್ಲ.

ಹೀಗಾದುದೇಕೆ? ನಮ್ಮ ಕಣ್ಣು ಸುಮಾರು 400ರಿಂದ 700 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಕಾಣುವುದು. ಕೆಂಪಿನಿಂದಾಚೆಗೂ ಕಿರಣಗಳುಂಟೆಂಬುದನ್ನು 1800ರಲ್ಲಿ ವಿಲಿಯಂ ಹರ್ಷಲನು ಉಷ್ಣಮಾಪಕದಿಂದ ಕಂಡುಹಿಡಿದನು. ಆ ಕಿರಣಗಳಿಂದ ತೆಗೆದ ಭೂದೃಶ್ಯಗಳನ್ನು 1910ರಲ್ಲಿ ರಾಬರ್ಟ್ ವುಡ್ ಎಂಬ ಅಮೆರಿಕದ ವಿಜ್ಞಾನಿಯು ಪ್ರಕಟಿಸಿದನು. ಎಲೆಯ ಹಸಿರು ವಸ್ತುವು ಈ ಕಿರಣಗಳನ್ನು ಹೀರುವುದಿಲ್ಲ. ಎಲೆಯೊಳಗಣ ಕೋಶಗಳೂ ಗಾಳಿಯ ಎಡೆಗಳೂ ಅವನ್ನು ಚದರಿಸಿ ಹಿಂದಕ್ಕೆ ಕಳುಹುವುವು. ಆದುದರಿಂದ ಮರಗಳು ಹಿಮ ಬಿದ್ದಂತೆ ಬೆಳ್ಳಗೂ, ನೀಲಿಯ ಆಕಾಶವು ಕಪ್ಪಗೂ ತೋರುವುವು.

ಆದರೆ ಪ್ರತಿಯೊಂದು ಫಿಲ್ಮಿನ ದೃಷ್ಟಿಗೂ ಒಂದು ಎಲ್ಲೆಯುಂಟು. ನಮ್ಮ ಫಿಲ್ಮು ಸುಮಾರು 740ರ ವರೆಗೆ ಮಾತ್ರ ಕಾಣತಕ್ಕದ್ದು. 87ನೆಯ ಗಾಜಾದರೋ ಅದಕ್ಕಿಂತ ಈಚಿನ ಬೆಳಕನ್ನೆಲ್ಲ ತಡೆಯತಕ್ಕದ್ದು. ಕುರುಡನಿಗೆ ಕನ್ನಡಿ ಹಿಡಿದಂತಾಯಿತು. ಇಲ್ಫರ್ಡ್ ಎಸ್.ಎಫ್.ಎಕ್ಸ್. 200 ಈ ಬಗೆಯ ಎಲ್ಲೆಯುಳ್ಳುದು. ಅದಕ್ಕೆ 25 ಅಥವಾ 29ನೆಯ ಕೆಂಪು ಗಾಜು ಸುಲಭ, 720ರ ಗಾಜೇ ಕಡೆಯ ಮಿತಿ. ರೋಲೈ ಇನ್ಫ್ರಾರೆಡ್ 400 ಸುಮಾರು 820ರ ವರೆಗೆ ಕಾಣುವುದರಿಂದ 720ರ ಗಾಜು ಅದಕ್ಕೆ ಚೆನ್ನಾಗಿ ಒಪ್ಪುವುದು. 900ರ ವರೆಗೆ ಕಾಣುತ್ತಿದ್ದ ಕೊಡಾಕ್ ಸಂಸ್ಥೆಯ ಎಚ್.ಐ.ಇ. ಫಿಲ್ಮಿನ ತಯಾರಿಕೆಯು 2007ರಲ್ಲಿ ನಿಂತುಹೋಯಿತು. ಹಳೆಯ ಪುಸ್ತಕಗಳಲ್ಲಿ ಕಾಣುವ 87ನೆಯ ಗಾಜಿನ ಸಲಹೆಯು ಅಂತಹ ಫಿಲ್ಮಿಗೆ ಸಲ್ಲತಕ್ಕದ್ದು.

ಇನ್ನು ಬೆಳಕಿನ ಮಾತು. ಮೋಡವಿಲ್ಲದ ದಿನ, ಎಲೆಗಳ ಮೇಲೆ ನೇರವಾಗಿ ಬಿಸಿಲು ಬಿದ್ದಿರುವಾಗ ಫಲವು ಉತ್ತಮ. ಮೋಡದ ದಿನ ಚಿತ್ರವು ಸಪ್ಪೆಯಾಗುವುದು. ಮನೆಯೊಳಗೆ ತಂತಿಯುರಿಯುವ ಹಳೆಯ ಬಲ್ಬು ಈ ಕಿರಣಗಳನ್ನು ಧಾರಾಳವಾಗಿ ಬೀರುವುದು, ಎಲ್.ಇ.ಡಿ. ದೀಪದಲ್ಲಿಯೂ ಟ್ಯೂಬ್‌ಲೈಟಿನಲ್ಲಿಯೂ ಅವು ಇಲ್ಲವೆನ್ನುವಷ್ಟು ಕಡಿಮೆ. ಬೆಳಕಿನ ಮೀಟರು ನಮ್ಮ ಕಣ್ಣಿಗೆ ಕಾಣುವ ಬೆಳಕಿಗಾಗಿ ಮಾಡಿದುದಾದ್ದರಿಂದ ಅದನ್ನೇ ನಂಬಲಾಗದು. 720ರ ಗಾಜಿಗೆ ಸಾಮಾನ್ಯವಾಗಿ 32ರಿಂದ 64 ಪಟ್ಟು ಹೆಚ್ಚು ಬೆಳಕು ಬೇಕು. ಒಂದೇ ದೃಶ್ಯವನ್ನು ಮೂರು ನಾಲ್ಕು ಅಳತೆಗಳಲ್ಲಿ ತೆಗೆಯುವುದು ಕ್ಷೇಮ. ಕ್ಯಾಮರಾವನ್ನು ಮುಕ್ಕಾಲಿಯ ಮೇಲಿರಿಸಿ, ಗಾಜಿಲ್ಲದೆಯೇ ಫೋಕಸ್ ಮಾಡಿ, ಲೆನ್ಸಿನ ಮೇಲೆ ಕೆಂಪು ಗುರುತಿದ್ದರೆ ಅದಕ್ಕೆ ಸರಿಹೊಂದಿಸಿ, ಬಳಿಕ ಗಾಜನ್ನು ಕೂಡಿಸಬೇಕು. ರಂಧ್ರವನ್ನು ಎಫ್ 11ರಷ್ಟು ಕಿರಿದಾಗಿಸಿದರೆ ಸಣ್ಣ ತಪ್ಪುಗಳು ಮುಚ್ಚಿಹೋಗುವುವು.

ಕಡೆಯದಾಗಿ ಒಂದು ಬಿನ್ನಹ. ಮೊದಲ ಸುರುಳಿಯನ್ನು ಪರೀಕ್ಷೆಗೆಂದೇ, ಬೀದಿಯ ಬೇವಿನ ಮರದ ಮೇಲೆಯೋ ಬೇಲಿಯ ಮೇಲೆಯೋ ಖರ್ಚುಮಾಡಿರಿ, ಅಳತೆಗಳನ್ನು ಬರೆದಿಟ್ಟುಕೊಳ್ಳಿರಿ. ಮತ್ತೆ ದೊರೆಯದ ದೃಶ್ಯಕ್ಕೆ ಎರಡನೆಯ ಸುರುಳಿಯೇ ಇರಲಿ. ಮಾವಿನಮರದ ಮಟ್ಟಿಗೆ ನಮಗೆ ಉಳಿದುದು ಈ ಬುದ್ಧಿಯೊಂದೇ.